ನೆತ್ತಿಯ ದೀಪ

ತ್ಸುಕುಬಾದಲ್ಲಿ ಅಕ್ಟೋಬರ್. ಗಿಂಕೋ ಎಲೆ ಹಳದಿಗೆ ತಿರುಗಿದೆಯಂತೆ.
ಈ ನೆಲಮಾಳಿಗೆಗೆ ಋತುವಿಲ್ಲ. ಇಪ್ಪತ್ತೆರಡು ಡಿಗ್ರಿ,
ಹನ್ನೆರಡು ಗಂಟೆ ಹಗಲು,
ಗೋಡೆಯ ಗಡಿಯಾರ ಹೇಳಿದಾಗ ರಾತ್ರಿ.

ನಾನೂರ ಹದಿನೇಳು, ನಿನ್ನನ್ನೆತ್ತಿ ತೂಗುತ್ತೇನೆ:
ಇಪ್ಪತ್ತೊಂದು ಗ್ರಾಂ,
ತಂಗಿಗೆ ಬರೆಯುವ ಕಾಗದಕ್ಕಿಂತ ತುಸು ಭಾರ.

ನಿನ್ನ ಹಿಂದಿನವರ ಕತೆ ನಿನಗೆ ಗೊತ್ತಿಲ್ಲ.
ಅವರೊಳಗೂ ನೆಟ್ಟಿದ್ದರು
ಮಿಂಚುಹುಳುವಿನ ಬೆಳಕು ಬೆರೆಸಿದ ಗಡ್ಡೆ.
ಕತ್ತಲ ಡಬ್ಬಿಯಲ್ಲಿಟ್ಟು ಕ್ಯಾಮೆರಾ ತೆರೆದರೆ
ಮೊದಲ ವಾರ ಚುಕ್ಕಿ, ಆಮೇಲೆ ಮಸುಕು,
ಮೂರನೇ ವಾರಕ್ಕೆ ಏನೂ ಇಲ್ಲ.
ಮದ್ದು ಗೆದ್ದಿತೆಂದು ತೋಕುನಾಗ ಡಾಕ್ಟರು ಬಿಯರ್ ತರಿಸಿದರು.
ಗೆದ್ದದ್ದು ಮದ್ದಲ್ಲ, ಮೈ.
ಕಳ್ಳ ಸಿಕ್ಕಿಬಿದ್ದದ್ದು
ಅವನ ಕೈಲಿದ್ದ ಲಾಟೀನಿನಿಂದ.

ಅದಕ್ಕೇ ನಿನ್ನನ್ನು ಮಾಡಿದರು.
ನೀನಿನ್ನೂ ಬಸಿರಲ್ಲಿದ್ದಾಗಲೇ ನೆತ್ತಿಯೊಳಗೆ,
ಸಾಸಿವೆಯ ಸಿಪ್ಪೆಯಷ್ಟು ಗ್ರಂಥಿಯಲ್ಲಿ
ಅದೇ ಬೆಳಕು, ಜೊತೆಗಿಷ್ಟು ಲೋಳೆಮೀನಿನ ಹಸಿರು.
ಹಾಲು ಕುಡಿಯುವ ಮೊದಲೇ ನಿನ್ನ ಮೈ ಅಂದಿತು: ನಮ್ಮದು.
ಇನ್ನು ಯಾರು ಆ ಲಾಟೀನು ಹಿಡಿದು ಬಂದರೂ
ಬಾಗಿಲು ತೆಗೆದು, ಊಟ ಆಯ್ತಾ ಎನ್ನುತ್ತೀ.

ನನಗದು ಹುಟ್ಟಿನಿಂದ ಬರಲಿಲ್ಲ.
ನನ್ನೊಳಗಿನ ಒಂದು ಮೂತ್ರಪಿಂಡ ತಂಗಿ ಇತ್ಸುಮಿಯದು.
ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡವರು ನಾವು,
ಆದರೂ ಮಾತ್ರೆ ತಪ್ಪಿದರೆ
ನನ್ನ ರಕ್ತ ಅವಳನ್ನು ಹೊರಗಿನವಳು ಎನ್ನುತ್ತದೆ.
ಆ ಮಾತ್ರೆಯ ಮೂಲ ಈ ಊರಿನದೇ ಹಿಡಿ ಮಣ್ಣು.
ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು, ಹನ್ನೊಂದು ವರ್ಷ,
ಮಣ್ಣು ನುಂಗಿ ತಂಗಿಯನ್ನು ತಂಗಿ ಎನ್ನುತ್ತಿದ್ದೇನೆ.
ಅವಳಿಗೆ ಇದನ್ನು ಹೇಳಿಲ್ಲ.

ಇಂದು ನಿನ್ನ ಮೂರನೇ ವಾರ.
ಪರದೆಯ ಮೇಲೆ ಚುಕ್ಕಿ ಆರಿಲ್ಲ.
ಪಕ್ಕೆಯಿಂದ ಹೊರಟು ಶ್ವಾಸಕೋಶದಲ್ಲಿ ಮೂರಾಗಿದೆ.
ನೆತ್ತಿಯಲ್ಲಿ ಎಂದಿನ ಆ ಒಂದು ದೀಪ.
ಸರಿಯಾಗಿದೆ, ಎಂದರು ಡಾಕ್ಟರು. ಈ ಸಲ ಬಿಯರ್ ಇಲ್ಲ.
ಸರಿ ಎಂದರೆ
ನೀನು ಸಾಯುತ್ತಿರುವುದು ನಮಗೆ ನಿಚ್ಚಳವಾಗಿ ಕಾಣುತ್ತಿದೆ ಎಂದು.

ನಾಳೆ ಹಿತ್ತಲ ಕಲ್ಲಿನ ಮುಂದೆ ವರ್ಷದ ಸ್ಮರಣೆ.
ಸತ್ತ ಅಷ್ಟೂ ಇಲಿಗಳಿಗೆ ಒಂದೇ ಕಲ್ಲು,
ಬಿಳಿ ಸೇವಂತಿಗೆ, ನೀನು ತಿನ್ನುವ ಉಂಡೆಗಳದೇ ಪೊಟ್ಟಣ.
ಭಿಕ್ಷು ಬರುತ್ತಾರೆ, ಸಾಲಾಗಿ ನಿಂತು ತಲೆಬಾಗುತ್ತೇವೆ.
ಕ್ಷಮಿಸು ಎನ್ನಲೋ, ಥ್ಯಾಂಕ್ಸ್ ಎನ್ನಲೋ
ಪ್ರತಿ ವರ್ಷವೂ ತಿಳಿಯುವುದಿಲ್ಲ.

ಒಂಬತ್ತು. ಗ್ಲೌಸು ಕಳಚಿದೆ.
ಗಡಿಯಾರ ತಾನೇ ದೀಪ ಆರಿಸಿತು.
ಕತ್ತಲಲ್ಲಿ ನೀನು ಏನನ್ನೋ ಕಡಿಯುವ ಸದ್ದು.
ನಾನು ನೀರಿಲ್ಲದೆ ನುಂಗಿದೆ.