ಷರಾ

ಹೆತ್ತೂರು ದಾಟಿ ವನಗೂರಿನ ತನಕ
ರಸ್ತೆ ಅಗಲವಾಗುತ್ತದಂತೆ.
ನನ್ನ ಕೈಯಲ್ಲಿ ಬಿಳಿ ಪೇಂಟಿನ ಡಬ್ಬಿ,
ಸೊಂಟದಲ್ಲಿ ಕತ್ತಿ.
ಎದೆಯೆತ್ತರದಲ್ಲಿ ತೊಗಟೆ ಸವರಬೇಕು, ಅಂಗೈಯಗಲ,
ಅದರ ಮೇಲೆ ನಂಬರು ಬರೆಯಬೇಕು.
ದಾಕ್ಷಿ ಟೇಪು ಸುತ್ತಿ ಕೂಗುತ್ತಾಳೆ,
ಫಾರೆಸ್ಟರು ಕುಶಾಲಪ್ಪ ಜೀಪಿನ ಬಾನೆಟ್ಟಿನ ಮೇಲೆ
ರಿಜಿಸ್ಟರು ಹರವಿ ತುಂಬುತ್ತಾರೆ:
ಮರ, ಸುತ್ತಳತೆ, ಎತ್ತರ, ಷರಾ.
ಷರಾ ಮಾತ್ರ ಬೆಳಗಿನಿಂದ ಖಾಲಿ.

ಮುನ್ನೂರ ಹನ್ನೆರಡು, ನಂದಿ.
ಮುನ್ನೂರ ಹದಿಮೂರು, ನೇರಳೆ.
ಮುನ್ನೂರ ಹದಿನಾಲ್ಕು, ಹೆಬ್ಬಲಸು.
ಅಲ್ಲಿ ಕತ್ತಿ ನಿಂತಿತು.

ನಾನು ಸವರಬೇಕಾದ ಜಾಗದಲ್ಲೇ
ಬೆರಳು ದಪ್ಪದ ಬೇರುಗಳು, ಬೂದಿ ಬಣ್ಣ,
ಯಾರೋ ಮರವನ್ನು ಹಿಂದಿನಿಂದ ತಬ್ಬಿ
ಬೆರಳುಗಳನ್ನಷ್ಟೇ ಈ ಕಡೆಗೆ ಬಿಟ್ಟ ಹಾಗೆ.
ಆ ಬದಿಗೆ ಹೋಗಿ ನೋಡಿದೆ.
ಸೀತಾಳೆ.
ಗೇಣುದ್ದದ ಎರಡು ದಂಡೆ, ಬಿಳಿಗೆ ನೇರಳೆ ಚುಕ್ಕೆ,
ತುದಿಯ ಮೊಗ್ಗು ಇನ್ನೂ ಬಿರಿದಿಲ್ಲ.

"ಬದನಿಕೆ ಅದು, ಕಿತ್ತು ಬಿಸಾಕು" ಎಂದರು ಕುಶಾಲಪ್ಪ.
ಬದನಿಕೆ ಅಲ್ಲ ಸಾರ್.
ಬದನಿಕೆ ಮರದೊಳಗೇ ಬಾಯಿ ಇಡುತ್ತದೆ.
ಇದು ಸುಮ್ಮನೆ ಹಿಡಿದುಕೊಂಡಿರುತ್ತದೆ,
ಮಂಜು ಬಂದರೆ ಮಂಜು,
ಇಲ್ಲದಿದ್ದರೆ ಉಪವಾಸ.
ಅಷ್ಟು ಹೇಳಿ ಬಾಯಿ ಮುಚ್ಚಿದೆ.
ಹನ್ನೊಂದು ವರ್ಷದ ದಿನಗೂಲಿ ನಾನು,
ಇಲಾಖೆಗೆ ಅಂಟಿಕೊಂಡವನು,
ಹೆಚ್ಚು ಮಾತಾಡುವ ಹಾಗಿಲ್ಲ.

ಅಷ್ಟರಲ್ಲಿ ಬಿಸಿಲೆ ಕಡೆಯಿಂದ ಒಂದು ತುಂತುರು.
ಅವರು ರಿಜಿಸ್ಟರನ್ನು ಅಂಗಿಯೊಳಗೆ ತುರುಕಿಕೊಂಡರು.
ಆರದ ಪೇಂಟು ಇಳಿದು
ಮುನ್ನೂರ ಹದಿಮೂರು ನೇರಳೆಯ ಬುಡಕ್ಕೆ
ಹಾಲಿನಂತೆ ಹರಿಯಿತು.
ಇಲ್ಲಿ, ಬೂದಿ ಬೇರುಗಳು
ನಮ್ಮ ಕಣ್ಣೆದುರೇ ಹಸಿರಾದವು.
ದಾಕ್ಷಿ ಟೇಪು ಬಿಟ್ಟು ಒಂದನ್ನು ಮುಟ್ಟಿದಳು.
"ಬೆಚ್ಚಗಿರ್ತದೇನೋ ಅಂದ್ಕೊಂಡೆ" ಎಂದಳು.

ಮರ ಹೋಗುತ್ತದೆ. ಅದನ್ನು ತಪ್ಪಿಸುವ ಬಣ್ಣ
ನನ್ನ ಡಬ್ಬಿಯಲ್ಲಿಲ್ಲ.
ನಂಬರನ್ನು ಒಂದು ಗೇಣು ಕೆಳಗೆ ಬರೆದೆ,
ಬೇರಿಗೆ ತಾಗದ ಹಾಗೆ, ಕುಕ್ಕರಗಾಲಿನಲ್ಲಿ ಕೂತು.
ದಾಕ್ಷಿ ಕೂಗಿದಳು, ಇನ್ನೂರ ಹತ್ತು ಸೆಂಟಿಮೀಟರ್.
ಕುಶಾಲಪ್ಪ ಪೆನ್ನಿನ ತುದಿ ಕಚ್ಚಿಕೊಂಡು
ತುಸು ಹೊತ್ತು ನಿಂತರು.
ಆಮೇಲೆ ಷರಾದಲ್ಲಿ ಏನೋ ಬರೆದರು.

ಅವರು ಬುತ್ತಿ ಬಿಚ್ಚಿ ಕೂತಾಗ ಕದ್ದು ಓದಿದೆ:
ಹೂವಿದೆ.

ಅಷ್ಟೇ. ಯಾವ ಹೂವು, ಎಷ್ಟು, ಏನು ಬೆಲೆ,
ಒಂದೂ ಇಲ್ಲ.
ಹರಾಜಿನ ದಿನ ಕಂಟ್ರಾಕ್ಟರು ಅದನ್ನು ಓದಿ
ತಲೆ ಕೆರೆದುಕೊಳ್ಳಲಿ.

ಊಟದ ನಂತರ
ಮುನ್ನೂರ ಹದಿನೈದು, ಹೊನ್ನೆ.
ಮರಕ್ಕೆ ಒಂದು ಸುತ್ತು ಬಂದು ನೋಡಿ
ಆಮೇಲೆ ಕತ್ತಿ ಎತ್ತಿದೆ.