ಎರಡೆಳೆಯ ನೂಲು

ಇತಾಲೊ, ನಿನ್ನ ಬಾಟಲಿಗಳನ್ನು ತೊಳೆದಿಟ್ಟಿದ್ದೇನೆ,
ಕುದಿನೀರಲ್ಲಿ ಮೂರು ಸಲ. ಈಗ ಹೇಳು,
ಈ ಏಡಿಚಿಪ್ಪಿನ ಚೂರನ್ನು ನಾನೇಕೆ ಚೆಲ್ಲಬಾರದು?
ಅಂಕೂದಿನ ಮೀನುಕಟ್ಟೆಯಲ್ಲಿ ಇಂಥವು
ಬುಟ್ಟಿಗಟ್ಟಲೆ ಬಿದ್ದಿರುತ್ತವೆ,
ಕಡಲಹಕ್ಕಿಯೂ ಮೂಸುವುದಿಲ್ಲ.

ನಿದ್ದೆಗೆಟ್ಟ ಕಣ್ಣಲ್ಲಿ ನಗುತ್ತೀಯ,
ಸ್ಟೂಲು ಎಳೆದು ಪರದೆಯ ಮುಂದೆ ಕೂರಿಸುತ್ತೀಯ.

ಕತ್ತಲು. ಆಮೇಲೆ ಹಸಿರು ಕಾಳುಗಳು,
ಜೀರಿಗೆಯ ಹಾಗೆ ತುಸು ಬಾಗಿದವು.
ಚಿಪ್ಪಿಗೆ ಅಂಟಿ ಕೂತಿವೆ. ಹಸಿದಿವೆ ಅನ್ನುತ್ತೀಯ.
ಸುತ್ತ ತೇಲುವ ಕೆಂಪು,
ಸತ್ತವುಗಳ ಒಡಲೊಡೆದು ನೀರಿಗೆ ಬಿದ್ದ ನೂಲು.
ಡಿಎನ್‌ಎ. ಹೆಸರು ನನಗೂ ಗೊತ್ತು,
ಮಗುವಿನ ಅಪ್ಪ ಯಾರೆಂದು ಕೋರ್ಟು ಕೇಳಿಸುತ್ತದಲ್ಲ, ಅದೇ.

ಒಂದು ಕಾಳು ಮೈಯಿಂದ ಕೂದಲೊಂದನ್ನು ಚಾಚಿತು.
ನಮ್ಮ ಕೂದಲನ್ನು ಹತ್ತು ಸಾವಿರ ಸಲ ಸೀಳಿದರೆ
ಅಷ್ಟು ಸಣ್ಣದು ಎಂದು ನೀನು.
ನನ್ನ ತಲೆಯಲ್ಲಿ ಉಳಿದಿರುವುದೇ ಅಷ್ಟು ಎಂದು ನಾನು.
ತಡಕಿತು. ಸಿಗಲಿಲ್ಲ. ಒಳಗೆಳೆದುಕೊಂಡಿತು.
ಮತ್ತೆ ಚಾಚಿತು, ಬೇರೆ ದಿಕ್ಕಿಗೆ.
ತುದಿಗೆ ಕೆಂಪು ತಗುಲಿದಾಗ
ಉಸಿರು ಬಿಗಿಹಿಡಿದೆ,
ಗಾಳದ ದಾರ ಜಗ್ಗಿದಾಗ ದೋಣಿಯಲ್ಲಿ
ನಮ್ಮಪ್ಪ ಹಿಡಿಯುತ್ತಿದ್ದ ಹಾಗೆ.
ಸೂಜಿಗಣ್ಣಿಗಿಂತ ಕಿರಿದಾದ ಕಿಂಡಿಯಲ್ಲಿ
ನೂಲು ಮಡಿಚಿಕೊಂಡು ಒಳಹೋಯಿತು.

ಎರಡೆಳೆಯಲ್ಲಿ ಒಂದಕ್ಕೇ ಪ್ರವೇಶವಂತೆ,
ಇನ್ನೊಂದು ಬಾಗಿಲಲ್ಲೇ ಚೂರುಚೂರು.
ಒಳಹೋದದ್ದು ಹೊಂದಿದರೆ
ತನ್ನ ನೂಲಿನೊಳಗೇ ಹೆಣೆದುಕೊಳ್ಳುತ್ತದೆ.
ಹೊಂದದಿದ್ದರೆ?
ತಿನ್ನುತ್ತದೆ.
ಹಾಗಾದರೆ ಇದು ಹಸಿವೋ, ಕಲಿಕೆಯೋ?
ದೊಡ್ಡವರೆಲ್ಲ ಅದಕ್ಕೇ ಇನ್ನೂ ಜಗಳವಾಡುತ್ತಿದ್ದಾರೆ ಅಂದೆ.

ಈಗ ನನ್ನದು ಕೇಳು. ಪಾದ್ರಿಗೂ ಹೇಳಿಲ್ಲ.
ಪಕ್ಕದ ಮನೆಯ ಎರ್ಮಿಂಡಾ ಒಂದು ಹೆಣಿಗೆ ಹಾಕುತ್ತಿದ್ದಳು,
ಅಲೆಯ ಮೇಲೆ ಅಲೆ, ನಡುವೆ ಕಣ್ಣಿನಂಥ ತೂತು.
ಇಡೀ ಚಿಲೊಯೆಯಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.
ತಾಯಿಯಂತೆ ಮಗಳು, ನೂಲಿನಂತೆ ಬಟ್ಟೆ, ಅನ್ನುವಳು;
ಅವಳಿಗೋ ಮಗಳಿಲ್ಲ. ನನಗೆ ಕಲಿಸಲಿಲ್ಲ.
ನಾನು ಹೋದರೆ ಹೆಣಿಗೆಯನ್ನು ಏಪ್ರನ್ನಿನಡಿ ಸರಿಸಿ
ಕೆಟಲು ಒಲೆಗಿಡಲು ಏಳುವಳು.

ಸತ್ತ ವಾರಕ್ಕೇ ಅವಳ ತಂಗಿಯ ಮಗ
ಎಲ್ಲವನ್ನೂ ಮೂಟೆ ಕಟ್ಟಿ ಹಳೇಬಟ್ಟೆ ಅಂಗಡಿಗೆ ಹಾಕಿದ.
ಎರಡು ಸಾವಿರ ಪೆಸೊ ಕೊಟ್ಟು
ಮರದ ಪಾಚಿಯಲ್ಲಿ ಬಣ್ಣ ಕಟ್ಟಿದ ಆ ಕಂದು ಸ್ವೆಟರನ್ನು
ಬಿಡಿಸಿಕೊಂಡು ಬಂದೆ.
ಅದರಲ್ಲಿನ್ನೂ ಒಲೆಯ ಹೊಗೆ, ಕಂಕುಳಲ್ಲಿ ಅವಳ ಬೆವರು.
ರಾತ್ರಿ ತುದಿ ಹುಡುಕಿ ಬಿಚ್ಚತೊಡಗಿದೆ.
ಅವಳ ಕೈ ಮಾಡಿದ್ದನ್ನು ಹಿಂದುಮುಂದಾಗಿ, ಸಾಲು ಸಾಲಾಗಿ
ನನ್ನ ಕೈ ಅಳಿಸುತ್ತ ಕಲಿಯಿತು.
ಒಂದು ತೋಳು ಮುಗಿಯುವಷ್ಟರಲ್ಲಿ ಗುಟ್ಟು ಸಿಕ್ಕಿತು:
ಪ್ರತಿ ನಾಲ್ಕನೇ ಸಾಲಿನಲ್ಲಿ
ಒಂದು ಕುಣಿಕೆಯನ್ನು ಬೇಕೆಂದೇ ಜಾರಿಸುತ್ತಿದ್ದಳು.
ಉಳಿದ ಉಣ್ಣೆ ಸವೆದಿತ್ತು. ಕಾಲುಚೀಲಕ್ಕೆ ಒಂದಿಷ್ಟು,
ಒಂದಿಷ್ಟು ಕಿಟಕಿಯ ಸಂದಿಗೆ.

ಅಮ್ಮ ಕಲಿಸಿದರೇ, ಎಂದು ಹಡಗಿನಿಂದಿಳಿದವರು ಕೇಳುತ್ತಾರೆ,
ಹಣ ಎಣಿಸುತ್ತ.
ಹೂಂ ಅನ್ನುತ್ತೇನೆ.

ನೀನು ಕುತ್ತಿಗೆ ತುರಿಸಿಕೊಳ್ಳುತ್ತೀಯ.
ಇನ್ನೂ ಒಂದಿದೆ, ರುಪೆರ್ತಾ:
ಇವು ಯಾವಾಗಲೂ ಸಾವಿಗೆ ಕಾಯುವುದಿಲ್ಲ.
ಅದೇ ಚಿಪ್ಪಿನ ಮೇಲೆ ಪಕ್ಕದ್ದಕ್ಕೆ ವಿಷದ ಸೂಜಿ ಚುಚ್ಚಿ
ಒಡೆದು, ಚೆಲ್ಲಿದ ನೂಲನ್ನು ಬಾಚಿಕೊಳ್ಳುತ್ತವೆ.
ಔಷಧಿಗೆ ಬಗ್ಗದ ಗುಣವೂ ಒಮ್ಮೊಮ್ಮೆ
ಹೀಗೆಯೇ ಮನೆ ಬದಲಿಸುತ್ತದೆ.

ನನ್ನ ಚೀಲದಲ್ಲಿ ಎರಡು ಸೂಜಿ, ಲೂಮಾ ಮರದವು, ಮೊಂಡು.

ಅವಳ ಕೊನೆಯ ಚಳಿಗಾಲ, ಕೆಮ್ಮು
ಹಲಗೆಗೋಡೆ ದಾಟಿ ಬರುತ್ತಿತ್ತು.
ಸೌದೆ ಒಯ್ದು ಕೊಟ್ಟೆನೆ? ಕೊಟ್ಟೆ, ಎರಡು ಸಲ.
ಮೂರನೇ ಸಲ ಕಿಟಕಿಯವರೆಗೆ ಹೋದೆ.
ಒಳಗೆ ಅವಳು ಹೆಣೆಯುತ್ತಿದ್ದಳು, ಪರದೆ ಎಳೆಯಲು ಮರೆತು.
ನಿಂತು ನೋಡಿದೆ. ಕುಣಿಕೆ ಎಣಿಸಿದೆ.
ಸೌದೆ ನನ್ನ ತೋಳಲ್ಲೇ ಇತ್ತು.

ದೀಪ ಹಾಕಬೇಡ, ಇರು.
ಆ ಮೂಲೆಯದು ಮತ್ತೆ ಚಾಚುತ್ತಿದೆ.