ಗುಂಡಿ

ಹನ್ನೊಂದು ವರುಷ
ಬೆಳಿಗ್ಗೆ ನೀಲಿ ಗೆರೆಯಿಂದ ಇಳಿದು ಗುಲಾಬಿಗೆ,
ಸಂಜೆ ಗುಲಾಬಿಯಿಂದ ಇಳಿದು ನೀಲಿಗೆ.
ಪೀನೊ ಸುವಾರೆಸ್.
ಅದರ ತಲೆಯ ಮೇಲೆ ಏನಿದೆಯೆಂದು ಕೇಳಿದ್ದರೆ
ಇನ್ನೊಂದು ರೈಲು ಎನ್ನುತ್ತಿದ್ದೆನೇನೋ.

ಚಿಕ್ಕಮ್ಮ ಒಬ್ದೂಲಿಯಾಳಿಗೆ ಅಕ್ಷರ ಬಾರದು.
ಮೆಕ್ಸಿಕೋ ನಗರದ ನಿಲ್ದಾಣಗಳನ್ನೆಲ್ಲ
ಗೋಡೆಯ ಚಿತ್ರ ನೋಡಿಯೇ ಓದುತ್ತಿದ್ದಳು:
ಮಿಡತೆ, ಫಿರಂಗಿ, ಬಾತುಕೋಳಿ, ಗಂಟೆ.
"ಗುಡಿಯಲ್ಲಿ ಬದಲಾಯಿಸು, ಗಂಟೆಯಲ್ಲಿ ಇಳಿ"
ಎಂದಳು ಮೊದಲ ದಿನ.
ಅಷ್ಟೇ, ಅವಳು ನನಗೆ ಬಿಟ್ಟುಹೋದ ಊರು.
ಊರು, ಮತ್ತೆ ಈ ಕೋಟು.

ಗುಡಿಯೆಂದರೆ ಗಾಳಿದೇವರ ಕಟ್ಟೆ,
ರೈಲಿಗೆಂದು ಗುಂಡಿ ತೋಡಿದಾಗ ಎದ್ದುಬಂದದ್ದು.
ಸುತ್ತ ಓಣಿ, ಓಣಿಯ ತುಂಬ ಮೊಣಕೈ.
ಕಟ್ಟೆ ದುಂಡಗಿದೆ.
ಮೂಲೆ ಸಿಕ್ಕರೆ ಗಾಳಿ ಎಡವುತ್ತದಂತೆ.
ಕೈಮುಗಿದವರನ್ನು ನಾನು ಕಂಡಿಲ್ಲ;
ಅದರ ಬಳಿ ನಿಂತು ಗಡಿಯಾರ ನೋಡುವವರು
ಬೇಕಾದಷ್ಟು.

ಮೊನ್ನೆ ಗುರುವಾರ
ಹಳಿಯ ಮೇಲೆ ಏನೋ ಆಗಿದೆ ಎಂದಿತು ಧ್ವನಿವರ್ಧಕ.
ಏನೆಂದು ಅದೂ ಹೇಳಲಿಲ್ಲ, ನಾವೂ ಕೇಳಲಿಲ್ಲ.
ಒಬ್ಬರ ಉಸಿರು ಒಬ್ಬರ ಕತ್ತಿಗೆ.
ಆ ನೂಕಿನಲ್ಲಿ ಪಟ್ಟನೆ ಕಿತ್ತಿತು
ಕೋಟಿನ ನಡುವಿನ ಗುಂಡಿ,
ಪಾಚಿ ಬಣ್ಣದ್ದು, ನಾಲ್ಕು ಕಣ್ಣಿನದು.
ಉರುಳಿತು. ಯಾರದೋ ಬೂಟು.
ಇನ್ನೊಂದು ಬೂಟು.
ಆಮೇಲೆ ಹಳಿ.

ಗುಂಡಿಯ ಹಿಂದೆಯೇ ಇರುತ್ತದಲ್ಲ ಗುಂಡಿಗೆ,
ಅಲ್ಲೇ ಅಂಗೈ ಒತ್ತಿಕೊಂಡು
ಕಾಲು ಕರೆದತ್ತ ಮೆಟ್ಟಿಲು ಹತ್ತಿದೆ.

ಬಿಸಿಲು!
ತಲೆಯಿಲ್ಲದ ಮದುಮಗಳಂದಿರು ಸಾಲಾಗಿ,
ಕೈಯಿಲ್ಲದ ದಾದಿಯರು,
ಒಂದರ ತಲೆಯೇರಿ ಇನ್ನೊಂದು ಕೂತ ನೂರು ಟೋಪಿ.
ಎದುರಿನ ಚರ್ಚು ಒಂದು ಕಡೆಗೆ ವಾಲಿದೆ,
ಗುಟ್ಟು ಕೇಳುವವರ ಹಾಗೆ.
"ಕೆರೆ ಮುಚ್ಚಿ ಕಟ್ಟಿದ ಊರಮ್ಮಾ,
ಕೆರೆಗೆ ಇನ್ನೂ ನೆನಪಿದೆ" ಎಂದಳು
ಕಪ್ಪುನೀಲಿ ಜೋಳದ ರೊಟ್ಟಿ ತಟ್ಟುವವಳು.
ಕಳ್ಳಿಯ ಹೋಳು ಹರಡಿ, ಖಾರ ಸುರಿದು ಕೊಟ್ಟಳು.
ನಿಂತೇ ತಿಂದೆ.
ಹನ್ನೊಂದು ವರುಷ ಇದರ ಕೆಳಗೆ ಹಸಿದು ಹೋಗಿದ್ದೇನೆ.

ಗುಂಡಿ ಬೇಕೆಂದರೆ ಎಲ್ಲರೂ ಕೈ ತೋರುತ್ತಾರೆ,
ಒಬ್ಬೊಬ್ಬರದು ಒಂದೊಂದು ದಿಕ್ಕು.
ಕೊನೆಗೆ ದೋನ್ ತೆಲೆಸ್ಫೋರೊನ ಅಂಗಡಿ:
ನೆಲದಿಂದ ಅಟ್ಟದವರೆಗೆ ಮರದ ಡಬ್ಬಿ,
ಒಂದಕ್ಕೂ ಹೆಸರಿಲ್ಲ.
ಒಳಗಿರುವುದರಲ್ಲಿ ಒಂದನ್ನು ಹೊರಗೆ ಹೊಲಿದಿದ್ದಾನೆ, ಅಷ್ಟೇ.
ಚಿಕ್ಕಮ್ಮ ಓದಿಬಿಡುತ್ತಿದ್ದಳು
ಈ ಅಂಗಡಿಯನ್ನು ಒಂದೇ ಉಸಿರಿಗೆ.

ಕೋಟಿನ ಕೆಳಗಿನ ಗುಂಡಿಯನ್ನು ಬೆರಳಲ್ಲಿ ತಿರುಗಿಸಿದ,
ಕನ್ನಡಕ ಮೇಲೆ ತಳ್ಳಿ ಮತ್ತೆ ತಿರುಗಿಸಿದ.
"ಇದು ಸಿಗೋದಿಲ್ಲ.
ಮುಂದಿನ ನಿಲ್ದಾಣದ ಹತ್ತಿರ ಹೊಲಿಯುತ್ತಿದ್ದರು ಇಂಥ ಕೋಟು,
ಭೂಕಂಪಕ್ಕೆ ಮುಂಚೆ.
ಕಟ್ಟಡ ಕೂತುಹೋಯಿತಲ್ಲ,
ಯಂತ್ರಗಳನ್ನು ಮೊದಲು ಹೊರಗೆ ತಂದರು.
ಹೆಂಗಸರನ್ನು ಆಮೇಲೆ."
ಹೇಳಿ, ಡಬ್ಬಿಗಳ ಕಡೆ ತಿರುಗಿದ.
ಬೆನ್ನು ಬಹಳ ಹೊತ್ತು ಹಾಗೇ ಇತ್ತು.

ಚಿಕ್ಕಮ್ಮ ಈ ಕೋಟು ಎಲ್ಲಿಂದ ತಂದಳೆಂದು
ನಾನು ಕೇಳಿರಲಿಲ್ಲ.

ಕೊಟ್ಟದ್ದು ಕಂದು ಬಣ್ಣದ್ದು, ಎರಡೇ ಕಣ್ಣು, ಮೂರು ಪೆಸೊ.
ಅವನ ಮಗಳು ನನ್ನ ಮೈಮೇಲೇ ಹೊಲಿದು
ಹಲ್ಲಲ್ಲಿ ದಾರ ಕಡಿದಳು.
ಅವಳ ನೆತ್ತಿ ನನ್ನ ಗಲ್ಲಕ್ಕೆ ತಾಗಿತು.

ಮರಳುವಾಗ ಬೇರೆ ಬಾಯಿಂದ ಇಳಿದೆ, ದಾರಿ ತಪ್ಪಿತು.
ಕಣ್ಣುಮುಚ್ಚಿ ನಡೆಯುತ್ತಿದ್ದ ಓಣಿಯಲ್ಲಿ
ಶಾಲೆಯ ಹುಡುಗನೊಬ್ಬನನ್ನು ಕೇಳಬೇಕಾಯಿತು:
ನೀಲಿ ಎಲ್ಲಿ?
ಅವನು ನನ್ನ ಗುಂಡಿ ನೋಡಿದ, ಆಮೇಲೆ ಮುಖ.
"ಗುಡಿ ಸುತ್ತಿಕೊಂಡು ಹೋಗಿ."

ಸುತ್ತಿದೆ.
ರೈಲಿಗೆ ಮುಂಚೆ ಅದರ ಗಾಳಿ ಬರುತ್ತದೆ, ಯಾವಾಗಲೂ.
ಬಂತು.
ಕೋಟು ಹಿಡಿದುಕೊಳ್ಳಲು ಕೈ ಎತ್ತಿದೆ,
ಬೇಕಾಗಿರಲಿಲ್ಲ.